ಲಂಡನ್ನಿನ ಅಂಗಡಿ ಬೀದಿಯಲ್ಲಿ ಹಕ್ಕಿಗಳಿಗೊಂದು ದಾರಿ

ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಅಂಚಿನಲ್ಲಿರುವ ದೊಡ್ಡ ಮಸೀದಿಯಲ್ಲಿ ಝುಹರ್ ನಮಾಝ್ ಮುಗಿಸಿ ಹೊರಬಂದಾಗ ಮಗಳು ಕೇಳಿದಳು, "ಉಮ್ಮಾ, ಬಸ್ಸಿನಲ್ಲಿ ಹೋಗೋಣವೇ, ನಡೆದೇ ಹೋಗೋಣವೇ?" ಮೊಣಕಾಲು ನೋವಿದ್ದರೂ ನಡೆಯೋಣ ಎಂದೆ. ಬಸ್ಸಿನ ಕಿಟಕಿಯಿಂದ ಲಂಡನ್ ನೋಡಿ ನೋಡಿ ಸಾಕಾಗಿತ್ತು.

ಚಿನ್ನದ ಬಣ್ಣದ ಗುಮ್ಮಟವಿರುವ ಆ ಮಸೀದಿಯ ಕಟ್ಟಡ 1977ರಲ್ಲಿ ಪೂರ್ಣಗೊಂಡಿತು. ಅದರ ಮಗ್ಗುಲಲ್ಲೇ ಸುಮಾರು 400 ಎಕರೆಯ ಉದ್ಯಾನ. ಕೊಳ, ಬಾತುಕೋಳಿ, ಬಗೆಬಗೆಯ ಮರಗಳು. ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳಿನ ಪ್ರಾಣಿಯೂ ಇಲ್ಲಿ ವಾಸಿಸುತ್ತದೆ. ದಕ್ಷಿಣಕ್ಕೆ ಹೋದರೆ ಸೇಂಟ್ ಜೇಮ್ಸ್ ಪಾರ್ಕ್, ಪಶ್ಚಿಮಕ್ಕೆ ಹೈಡ್ ಪಾರ್ಕ್. ಆದರೆ ಈ ಮೂರು ಉದ್ಯಾನಗಳ ನಡುವೆ ಇರುವುದು ಕಲ್ಲು, ಗಾಜು ಮತ್ತು ಅಂಗಡಿಗಳು. ಆಕ್ಸ್‌ಫರ್ಡ್ ಸ್ಟ್ರೀಟ್, ರೀಜೆಂಟ್ ಸ್ಟ್ರೀಟ್, ಸೋಹೋ, ಮೇಫೇರ್. ಮನುಷ್ಯನಾದರೆ ನಡೆದು ದಾಟುತ್ತಾನೆ. ಒಂದು ಜೇನ್ನೊಣವೋ ಬಾವಲಿಯೋ ನಡುವೆ ಎಲ್ಲೂ ಕೂರಲು ಜಾಗವಿಲ್ಲದೆ ಹೇಗೆ ದಾಟೀತು?

ಉದ್ಯಾನಗಳಿದ್ದರೆ ಸಾಕು, ಹಕ್ಕಿಗಳಿರುತ್ತವೆ ಎಂದು ನಾನು ಭಾವಿಸಿದ್ದೆ. ಅದು ತಪ್ಪು. ಹೈಡ್ ಪಾರ್ಕಿಗೆ ಅಂಟಿಕೊಂಡಿರುವ ಕೆನ್ಸಿಂಗ್ಟನ್ ಗಾರ್ಡನ್ಸ್‌ನಲ್ಲಿ 1925ರಲ್ಲಿ ಗುಬ್ಬಚ್ಚಿಗಳನ್ನು ಎಣಿಸಿದಾಗ 2,603 ಇದ್ದವು. 2000ದಲ್ಲಿ ಎಣಿಸಿದಾಗ ಸಿಕ್ಕಿದ್ದು ಎಂಟು. ಎಂಟು ಸಾವಿರವಲ್ಲ, ಎಂಟು ಗುಬ್ಬಚ್ಚಿಗಳು! ಉದ್ಯಾನಕ್ಕೇನೂ ಆಗಿರಲಿಲ್ಲ, ಹುಲ್ಲು ಮರಗಳೆಲ್ಲ ಅಲ್ಲೇ ಇದ್ದವು.

ಈ ಅಂಗಡಿ ಪ್ರದೇಶದಲ್ಲಿ ಒಂದು ವಿಚಿತ್ರವಿದೆ. ಇಲ್ಲಿ ಬೀದಿಗೆ ಬೀದಿಯೇ ಒಬ್ಬೊಬ್ಬ ಭೂಮಾಲಿಕನ ಕೈಯಲ್ಲಿದೆ. ರೀಜೆಂಟ್ ಸ್ಟ್ರೀಟ್ ಬಹುತೇಕ ಪೂರ್ತಿ ಕ್ರೌನ್ ಎಸ್ಟೇಟ್‌ನದ್ದು, ಅದರ ಲಾಭ ಸರಕಾರದ ಖಜಾನೆಗೆ ಸೇರುತ್ತದೆ. ಮೇಫೇರ್‌ನ ದೊಡ್ಡ ಭಾಗ ಗ್ರೋಸ್ವೆನರ್ ಮನೆತನದ್ದು. 1677ರಲ್ಲಿ ಆ ಮನೆತನದ ಥಾಮಸ್ ಗ್ರೋಸ್ವೆನರ್, ಮೇರಿ ಡೇವಿಸ್ ಎಂಬ ಹನ್ನೆರಡು ವರ್ಷದ ಹುಡುಗಿಯನ್ನು ಮದುವೆಯಾದಾಗ ಅವಳ ಪಾಲಿನ ಹೊಲ ಗದ್ದೆಯೆಲ್ಲ ಅವನ ವಶಕ್ಕೆ ಬಂತು. ಇಂದು ಜಗತ್ತಿನ ಅತ್ಯಂತ ದುಬಾರಿ ಬೀದಿಗಳಿರುವುದು ಆ ಹುಡುಗಿಯ ಆಸ್ತಿಯ ಮೇಲೆ. ಅವಳ ಹೆಸರು ಎಷ್ಟು ಜನರಿಗೆ ಗೊತ್ತು?

2013ರ ಸುಮಾರಿಗೆ ಕ್ರೌನ್ ಎಸ್ಟೇಟ್‌ನವರು ಆರಂಭಿಸಿದ ಯೋಚನೆಗೆ ಗ್ರೋಸ್ವೆನರ್, ಪೋರ್ಟ್‌ಮನ್, ಹೊವಾರ್ಡ್ ಡಿ ವಾಲ್ಡೆನ್, ಶಾಫ್ಟ್ಸ್‌ಬರಿ ಮುಂತಾದ ನೆರೆಯ ಭೂಮಾಲಿಕರೂ ಕೈಜೋಡಿಸಿದರು. 'ವೈಲ್ಡ್ ವೆಸ್ಟ್ ಎಂಡ್' ಎಂದು ಅದಕ್ಕೆ ಹೆಸರು. ಬಾಡಿಗೆದಾರರಿಗಾಗಿ ಪರಸ್ಪರ ಪೈಪೋಟಿ ನಡೆಸುವವರೇ ಒಂದೇ ಮೇಜಿನ ಸುತ್ತ ಕುಳಿತರು. ಲಂಡನ್ ವೈಲ್ಡ್‌ಲೈಫ್ ಟ್ರಸ್ಟ್ ಮತ್ತು ನಗರಾಡಳಿತ ಜೊತೆಗೂಡಿದವು. ಲೆಕ್ಕ ಸರಳವಾದದ್ದು. ಉದ್ಯಾನದಿಂದ ಉದ್ಯಾನಕ್ಕೆ ಹೋಗುವ ದಾರಿಯಲ್ಲಿ ನೂರು ಮೀಟರಿಗೊಂದರಂತೆ, ಕನಿಷ್ಠ 100 ಚದರ ಮೀಟರಿನ ಹಸಿರು ತುಣುಕು ಇರಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎರಡೂವರೆ ಸೆಂಟ್ಸ್ ಜಾಗ. ಅದು ನೆಲದ ಮೇಲೆಯೇ ಇರಬೇಕೆಂದಿಲ್ಲ. ತಾರಸಿಯಾಗಬಹುದು, ಗೋಡೆಯಾಗಬಹುದು. ಹೊಳೆ ದಾಟಲು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತೇವಲ್ಲ, ಹಾಗೆ.

ಆಕ್ಸ್‌ಫರ್ಡ್ ಸ್ಟ್ರೀಟಿನ ಗದ್ದಲದಿಂದ ಎರಡು ನಿಮಿಷ ಒಳಗೆ ಹೋದರೆ ಬ್ರೌನ್ ಹಾರ್ಟ್ ಗಾರ್ಡನ್ಸ್ ಸಿಗುತ್ತದೆ. ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು, ಏಕೆಂದರೆ ಇದು ವಿದ್ಯುತ್ ಉಪಕೇಂದ್ರದ ಮಾಡಿನ ಮೇಲಿರುವ ತೋಟ! ಕೆಳಗೆ ಟ್ರಾನ್ಸ್‌ಫಾರ್ಮರ್, ಮೇಲೆ ಹೂವಿನ ಕುಂಡಗಳು. ಅಲ್ಲಿ ಕುಳಿತು ಮನೆಯಿಂದ ತಂದಿದ್ದ ಪತ್ತಿರಿ ತಿಂದೆವು. ಪಕ್ಕದ ಬೆಂಚಿನಲ್ಲಿ ಕಟ್ಟಡ ಕೆಲಸದ ಬಟ್ಟೆ ತೊಟ್ಟ ಇಬ್ಬರು ಊಟ ಮಾಡುತ್ತಿದ್ದರು. ಒಂದು ದಪ್ಪ ದುಂಬಿ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರಳೆ ಹೂವಿನೊಳಗೆ ತಲೆ ತೂರಿಸಿತ್ತು.

ರೀಜೆಂಟ್ ಸ್ಟ್ರೀಟಿನಲ್ಲಿ ಮಾತ್ರ ನನಗೆ ನಿರಾಶೆಯಾಯಿತು. ಕೆಳಗಿನಿಂದ ನೋಡಿದರೆ ಹಸಿರೇ ಇಲ್ಲ. "ಎಲ್ಲ ತಾರಸಿಯ ಮೇಲಿದೆ ಉಮ್ಮಾ, ನಮಗೆ ಕಾಣಿಸುವುದಿಲ್ಲ" ಎಂದಳು ಮಗಳು. ನೋಡುವ ಕಣ್ಣುಗಳಿಗಾಗಿ ಮಾಡದ ಕೆಲಸವೂ ಈ ಬೀದಿಯಲ್ಲಿದೆಯಲ್ಲ ಎಂದು ಆಮೇಲೆ ಸಮಾಧಾನವಾಯಿತು. ಇಂತಹ ತಾರಸಿಗಳನ್ನು ನೆಚ್ಚಿಕೊಂಡ ಒಂದು ಹಕ್ಕಿಯಿದೆ, ಬ್ಲ್ಯಾಕ್ ರೆಡ್‌ಸ್ಟಾರ್ಟ್. ಕಪ್ಪು ಮೈ, ಇಟ್ಟಿಗೆ ಬಣ್ಣದ ಬಾಲ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಲಂಡನ್ ಪಾಳುಬಿದ್ದಾಗ ಆ ಕಲ್ಲುರಾಶಿಯಲ್ಲಿ ಅದು ಗೂಡು ಕಟ್ಟಿತು. ಪಾಳು ಜಾಗಗಳಲ್ಲಿ ಕಟ್ಟಡ ಎದ್ದಂತೆ ಅದಕ್ಕೆ ನೆಲೆ ತಪ್ಪಿತು. ಈಗ ಕೆಲವು ಕಟ್ಟಡಗಳ ನೆತ್ತಿಯ ಮೇಲೆ ಬೇಕೆಂದೇ ಕಲ್ಲುಪುಡಿ, ಮಣ್ಣು ಹರವಿ, ಕಾಡು ಹೂಗಳನ್ನು ಬೆಳೆಯಬಿಟ್ಟು ಅದಕ್ಕೆ ಜಾಗ ಮಾಡಿಕೊಡುತ್ತಾರೆ. ಇದೇ ಜಾತಿಯ ಹಕ್ಕಿ ಹಿಮಾಲಯದ ಆಚೆಯಿಂದ ಚಳಿಗಾಲಕ್ಕೆ ನಮ್ಮ ಕರ್ನಾಟಕಕ್ಕೂ ಬರುತ್ತದೆ.

ಆದರೆ ಎಲ್ಲವೂ ಜೇನಿನಷ್ಟು ಸಿಹಿಯಲ್ಲ. ತಾರಸಿಯ ಮೇಲೆ ಜೇನುಪೆಟ್ಟಿಗೆ ಇಡುವುದು ಲಂಡನ್ನಿನ ವ್ಯಾಪಾರ ಸಂಸ್ಥೆಗಳಿಗೆ ಒಂದು ಫ್ಯಾಶನ್ ಆಗಿಬಿಟ್ಟಿತು. ಪೆಟ್ಟಿಗೆಗಳು ಹೆಚ್ಚಾಗಿ, ಇರುವ ಸ್ವಲ್ಪ ಹೂಗಳನ್ನು ಸಾಕಿದ ಜೇನ್ನೊಣಗಳೇ ಬರಿದು ಮಾಡಿದರೆ ಕಾಡು ಜೇನ್ನೊಣ, ದುಂಬಿಗಳು ಹಸಿದುಕೊಳ್ಳುತ್ತವೆ ಎಂದು ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು 2020ರ ವರದಿಯಲ್ಲಿ ಎಚ್ಚರಿಸಿದರು. ಪೆಟ್ಟಿಗೆಯ ಫೋಟೋ ಚೆನ್ನಾಗಿ ಬರುತ್ತದೆ, ಹೂವಿನ ಗಿಡ ನೆಡುವುದಕ್ಕೆ ಬೆವರು ಬೇಕು. ನಿಯ್ಯತ್ ಎಂಬುದು ವ್ಯಾಪಾರದಲ್ಲೂ ಲೆಕ್ಕಕ್ಕೆ ಬರುತ್ತದೆ.

ಸೇಂಟ್ ಜೇಮ್ಸ್ ಪಾರ್ಕಿನ ಹುಲ್ಲಿನ ಮೇಲೆ ಚಾದರ ಹಾಸಿ ಅಸರ್ ನಮಾಝ್ ಮಾಡಿದೆವು. ಅಲ್ಲಿಂದ ಅರಮನೆಯನ್ನು ಬಳಸಿಕೊಂಡು ವಿಕ್ಟೋರಿಯಾ ಕಡೆಗೆ ಹೋದರೆ ರೂಬೆನ್ಸ್ ಎಂಬ ಹೋಟೆಲು. ಅದರ ಒಂದು ಗೋಡೆ ಪೂರ್ತಿ ಗಿಡ! 2013ರಲ್ಲಿ ಬೆಳೆಸಿದ ಈ ಗೋಡೆಯ ಎತ್ತರ 21 ಮೀಟರ್, ವಿಸ್ತಾರ 350 ಚದರ ಮೀಟರ್. ಸುಮಾರು 10,000 ಗಿಡಗಳು, 16 ಟನ್ ಮಣ್ಣು. ಮಾಡಿನ ಮೇಲೆ ಬಿದ್ದ ಮಳೆನೀರನ್ನು 10,000 ಲೀಟರಿನಷ್ಟು ತೊಟ್ಟಿಗಳಲ್ಲಿ ಹಿಡಿದಿಟ್ಟು ಅದನ್ನೇ ಗಿಡಗಳಿಗೆ ಉಣಿಸುತ್ತಾರೆ. ಶೋಕಿಗಾಗಿ ಮಾಡಿದ್ದಲ್ಲ. ಜೋರು ಮಳೆ ಬಂದರೆ ಈ ಭಾಗದ ಬೀದಿಗಳಲ್ಲಿ ನೀರು ನಿಲ್ಲುವ ಭಯವಿತ್ತು.

ಇದರ ಹಿಂದಿರುವುದು ಅಲ್ಲಿನ ವ್ಯಾಪಾರಿಗಳ ಕೂಟ. 1970ರಲ್ಲಿ ಕೆನಡಾದ ಟೊರೊಂಟೋದಲ್ಲಿ ಮೊದಲು ಹುಟ್ಟಿದ ಈ ಪದ್ಧತಿಗೆ ಇಂಗ್ಲೆಂಡಿನಲ್ಲಿ 2003ರಲ್ಲಿ ಕಾನೂನು ಬಂತು. ವಿಕ್ಟೋರಿಯಾದ ಕೂಟ ಆರಂಭವಾದದ್ದು 2010ರಲ್ಲಿ. ಒಂದು ಪ್ರದೇಶದ ವ್ಯಾಪಾರಿಗಳು ಮತ ಹಾಕುತ್ತಾರೆ. ತಲೆ ಎಣಿಕೆಯಲ್ಲಿಯೂ ಬಹುಮತ ಬರಬೇಕು, ಕಟ್ಟಡಗಳ ತೆರಿಗೆ ಮೌಲ್ಯದಲ್ಲಿಯೂ ಬರಬೇಕು. ದೊಡ್ಡ ಅಂಗಡಿಯವರು ಸಣ್ಣವರನ್ನು ತುಳಿಯುವಂತಿಲ್ಲ, ಸಣ್ಣವರು ದೊಡ್ಡವರ ತಲೆಗೆ ಕಟ್ಟುವಂತಿಲ್ಲ. ಗೆದ್ದ ಮೇಲೆ ಬೇಡವೆಂದವನೂ ವಂತಿಗೆ ಕೊಡಲೇಬೇಕು. ಐದು ವರ್ಷದೊಳಗೆ ಮತ್ತೆ ಮತಕ್ಕೆ ಹೋಗಬೇಕು. ಆ ಹಣದಲ್ಲಿ ಬೀದಿ ಗುಡಿಸುವುದು, ಕಾವಲು ಎಲ್ಲ ನಡೆಯುತ್ತದೆ. ಅದರ ಜೊತೆಗೆ ಗಿಡಗಳೂ.

ಆ ಗೋಡೆಯ ಮುಂದೆ ನಿಂತಾಗ ನನಗೆ ನೆನಪಾದದ್ದು ನಮ್ಮ ಊರಿನ ಪೇಟೆಯ ಬಾದಾಮಿ ಮರ. ನಮ್ಮ ಬಟ್ಟೆ ಅಂಗಡಿಯಿರುವ ಸಾಲಿನಲ್ಲೇ ಅದಿತ್ತು. ರಾತ್ರಿ ಬಾವಲಿಗಳು ಬಂದು ಹಣ್ಣು ತಿಂದು ಕೆಳಗೆ ಉದುರಿಸುತ್ತಿದ್ದವು. ಗಿರಾಕಿಗಳ ಕಾರಿನ ಮೇಲೆ ಹಿಕ್ಕೆ ಬೀಳುತ್ತದೆ, ಬೋರ್ಡ್ ಕಾಣುವುದಿಲ್ಲ ಎಂದು ಹದಿನಾರು ಮಂದಿ ಅಂಗಡಿಯವರು ಸೇರಿ ಅರ್ಜಿ ಬರೆದರು. ನಾಲ್ಕನೇ ಸಹಿ ನಮ್ಮ ಯಜಮಾನರದ್ದು. ಆ ದಿನ ಊಟಕ್ಕೆ ಬಂದಾಗ ಅವರು ಹೇಳಿದ್ದರು, ನಾನೂ ಸುಮ್ಮನೆ ಅನ್ನ ಬಡಿಸಿದ್ದೆ. ವಾರದೊಳಗೆ ಮರ ಹೋಯಿತು. ಅದಕ್ಕೆ ಮೊದಲೂ ಆಮೇಲೂ ಆ ಹದಿನಾರು ಮಂದಿ ಯಾವುದಕ್ಕೂ ಒಟ್ಟಾದದ್ದು ನನಗೆ ಗೊತ್ತಿಲ್ಲ. ಲಂಡನ್ನಿನ ವ್ಯಾಪಾರಿಗಳು ನಮಗಿಂತ ಒಳ್ಳೆಯವರೇನೂ ಅಲ್ಲ. ಹಸಿರಿದ್ದರೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ, ಬಾಡಿಗೆ ಏರುತ್ತದೆ ಎಂಬ ಲೆಕ್ಕ ಅವರಿಗೂ ಇದೆ. ಒಟ್ಟಾಗಿ ಕೊಡಲಿ ತರಿಸಬಲ್ಲವರು ಒಟ್ಟಾಗಿ ಗುದ್ದಲಿಯನ್ನೂ ತರಿಸಬಹುದಲ್ಲ ಎಂದು ಮಾತ್ರ ಅನಿಸಿತು.

ಆ ರಾತ್ರಿ ಫೋನಿನಲ್ಲಿ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಮರದ ಬುಡ ಇನ್ನೂ ಇದೆ. ಅದರ ಮೇಲೆ ಜನರೇಟರ್ ಇಟ್ಟಿದ್ದಾರೆ" ಎಂದರು. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದದ್ದೆಲ್ಲ ಅವನ ಪಾಲಿಗೆ ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಮಕ್ಕಳಿಗೆ ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೆ. ಅದನ್ನು ಅವರಿಗೆ ಫೋನಿನಲ್ಲಿ ನೆನಪಿಸುವ ಧೈರ್ಯ ನನಗಾಗಲಿಲ್ಲ.

ಊರಿಗೆ ಮರಳಿದ ಮೇಲೆ ಅವರೇ ಅಂಗಡಿಯವರ ಸಭೆಯಲ್ಲಿ ಮಾತೆತ್ತಿದರು. ಹನ್ನೊಂದು ಮಂದಿ ಒಪ್ಪಿದರು. ಉಳಿದವರಲ್ಲೊಬ್ಬರು, "ಬಾವಲಿ ಏನು ನಮ್ಮ ಗಿರಾಕಿಯೇ?" ಎಂದು ಕೇಳಿದರಂತೆ. ಇಲ್ಲಿ ಮತವೂ ಇಲ್ಲ, ಕಾನೂನೂ ಇಲ್ಲ, ಒಪ್ಪಿದವರು ಕೊಟ್ಟ ದುಡ್ಡಷ್ಟೆ. ಆ ದುಡ್ಡಿನಲ್ಲಿ ಎರಡು ಹೊಂಗೆ, ಒಂದು ನೇರಳೆ ಗಿಡ ನೆಟ್ಟಾಯಿತು. ಅಂಗಡಿ ತೆರೆಯುವ ಹುಡುಗರು ಸರದಿಯಂತೆ ನೀರು ಹಾಕುತ್ತಾರೆ. ನೇರಳೆ ಗಿಡ ಮೊಣಕಾಲೆತ್ತರಕ್ಕೆ ಬಂದಾಗ ಆಡೊಂದು ಬಂದು ಬುಡದವರೆಗೆ ಮೇಯ್ದು ಹೋಯಿತು. ನನಗೆ ಅಳುವೇ ಬಂತು. "ಆಡು ತಿಂದದ್ದೂ ಸದಕಾವೇ ತಾನೇ?" ಎಂದು ಯಜಮಾನರು ನಕ್ಕರು. ಮಳೆ ಶುರುವಾದ ಮೇಲೆ ಅದೇ ಜಾಗಕ್ಕೆ ಇನ್ನೊಂದು ನೇರಳೆ ಗಿಡ ತಂದರು. ಈ ಸಲ ಸುತ್ತ ಕಬ್ಬಿಣದ ಬಲೆಯನ್ನು ಆಳೆತ್ತರಕ್ಕೇ ಕಟ್ಟಿಸಿದ್ದಾರೆ.