ಬೆಳಕು ಕೊಡುವ ಮರ



ಬಹಳ ದಿನಗಳಿಂದ ಬರೆಯಬೇಕೆಂದುಕೊಂಡು ಮುಂದೂಡುತ್ತಲೇ ಬಂದಿದ್ದ ಸಂಗತಿಯೊಂದನ್ನು ಇಂದು ಬರೆಯಲು ಕುಳಿತಿದ್ದೇನೆ. 1996ಕ್ಕೆ ಮೊದಲು ನಮ್ಮ ಶಾಲೆಯಲ್ಲಿ ಓದಿದವರಿಗೆಲ್ಲ ಅಂಗಳದ ಹೊಂಗೆಮರ ನೆನಪಿರಲೇಬೇಕು. ಈ ಬರಹ ಆ ಮರವನ್ನು ಕುರಿತದ್ದು. ಆದರೆ ಇದರ ಆರಂಭ ಮಾತ್ರ ದೂರದ ಸಿಂಗಪುರದಲ್ಲಿ.

2023ರಲ್ಲಿ ಮಗಳ ಮನೆಗೆಂದು ಅಲ್ಲಿಗೆ ಹೋಗಿದ್ದಾಗ ಒಂದು ಸಂಜೆ ಮೊಮ್ಮಗಳು ನನ್ನನ್ನು ‘ಗಾರ್ಡನ್ಸ್ ಬೈ ದಿ ಬೇ’ ಎಂಬ ಉದ್ಯಾನಕ್ಕೆ ಕರೆದೊಯ್ದಳು. ಸಮುದ್ರವನ್ನು ತುಂಬಿ ಪಡೆದ ನೆಲದ ಮೇಲೆ ಎಬ್ಬಿಸಿದ ತೋಟವದು. 2012ರ ಜೂನ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಅದರ ದಕ್ಷಿಣ ಭಾಗವೇ 54 ಹೆಕ್ಟೇರು, ಅಂದರೆ ನಮ್ಮ ಲೆಕ್ಕದಲ್ಲಿ 130 ಎಕರೆಗೂ ಮಿಗಿಲು. ಅಲ್ಲಿ ‘ಸೂಪರ್‌ಟ್ರೀ’ ಎಂದು ಕರೆಯುವ 18 ಕೃತಕ ವೃಕ್ಷಗಳು ನಿಂತಿವೆ. ಎತ್ತರ 25 ಮೀಟರಿನಿಂದ 50 ಮೀಟರಿನವರೆಗೆ. ಇಂಗ್ಲೆಂಡಿನ ಗ್ರಾಂಟ್ ಅಸೋಸಿಯೇಟ್ಸ್ ಸಂಸ್ಥೆಯವರ ವಿನ್ಯಾಸ. ಒಳಗೆ ಕಾಂಕ್ರೀಟಿನ ತಿರುಳು, ಅದರ ಸುತ್ತ ಉಕ್ಕಿನ ಚೌಕಟ್ಟು, ಚೌಕಟ್ಟಿಗೆ ಜೋಡಿಸಿದ ಫಲಕಗಳಲ್ಲಿ ಬಳ್ಳಿಗಳು, ಜರಿಗಿಡಗಳು, ಆರ್ಕಿಡ್‌ಗಳು; 200ಕ್ಕೂ ಹೆಚ್ಚು ಬಗೆಯ ಒಂದೂವರೆ ಲಕ್ಷಕ್ಕೂ ಮೀರಿದ ಸಸಿಗಳು. ನೆತ್ತಿಯ ಮೇಲೆ ಗಾಳಿಗೆ ತಿರುಗಿಕೊಂಡ ಕೊಡೆಯಂತೆ ಹರಡಿದ ಉಕ್ಕಿನ ರೆಂಬೆಗಳು.

ಇವು ಬರಿಯ ಅಲಂಕಾರಕ್ಕಾಗಿ ನಿಂತ ಶಿಲ್ಪಗಳಲ್ಲ. ಕೆಲವು ಮರಗಳ ನೆತ್ತಿಯಲ್ಲಿ ಸೌರಕೋಶಗಳಿವೆ. ಹಗಲಿನಲ್ಲಿ ಹಿಡಿದ ಬಿಸಿಲು ವಿದ್ಯುತ್ತಾಗಿ ರಾತ್ರಿಯ ದೀಪಗಳಿಗೆ ಒದಗುತ್ತದೆ. ಇನ್ನು ಕೆಲವು ಮರಗಳು ಪಕ್ಕದ ಬೃಹತ್ ಗಾಜಿನ ಮನೆಗಳ ಬಿಸಿಗಾಳಿಯನ್ನು ಹೊರಹಾಕುವ ಕೊಳವೆಗಳಾಗಿ ದುಡಿಯುತ್ತವೆ. ಆ ಗಾಜಿನ ಮನೆಗಳನ್ನು ತಂಪಾಗಿಡಲು ಬೇಕಾದ ಶಕ್ತಿಗೆ ನಗರದ ಮರಗಳಿಂದ ಕತ್ತರಿಸಿದ ಕೊಂಬೆರೆಂಬೆಗಳನ್ನೂ ಉರಿಸುತ್ತಾರೆ. ಕಲೆ, ತೋಟಗಾರಿಕೆ, ಯಂತ್ರಶಾಸ್ತ್ರ ಮೂರೂ ಒಂದೇ ಕಾಂಡದಲ್ಲಿ ಕೂಡಿರುವುದನ್ನು ಕಂಡು, ಮೂವತ್ತು ವರ್ಷ ದ್ಯುತಿಸಂಶ್ಲೇಷಣೆಯ ಪಾಠ ಹೇಳಿದ ನನಗೆ ನಿಜವಾಗಿಯೂ ಸಂತೋಷವಾಯಿತು.

7.45ಕ್ಕೆ ಸಂಗೀತದೊಡನೆ ದೀಪಗಳ ಆಟ ಆರಂಭವಾಯಿತು. ಜನರೆಲ್ಲ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತಿದ್ದರು, ನಾವೂ ಮಲಗಿದೆವು. ಆಗ ಮೊಮ್ಮಗಳು ಕೇಳಿದಳು: “ತಾತ, ನಿಮ್ಮೂರಲ್ಲಿ ಬೆಳಕು ಕೊಡೋ ಮರ ಇದೆಯಾ?”

ನಾನು ಉತ್ಸಾಹದಿಂದ ಹೊಂಗೆಯ ಕಥೆ ಹೇಳಿದೆ. ಸೀಮೆಎಣ್ಣೆ ಸಿಗದ ದಿನಗಳಲ್ಲಿ ನಮ್ಮಜ್ಜಿ ಹೊಂಗೆಬೀಜವನ್ನು ಗಾಣಕ್ಕೆ ಕಳಿಸಿ, ಆ ಎಣ್ಣೆಯಿಂದ ಹಣತೆ ಹಚ್ಚುತ್ತಿದ್ದರು. ಹೊಗೆ ಹೆಚ್ಚು, ವಾಸನೆಯೂ ಕಟು. ಆದರೆ ಆ ಬೆಳಕಿನಲ್ಲಿಯೇ ನಾನು ಮಗ್ಗಿ ಕಲಿತದ್ದು. ಹಿಂಡಿ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಇದೇ ಎಣ್ಣೆಯಿಂದ ಡೀಸೆಲ್ ಎಂಜಿನ್ ನಡೆಸಬಹುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ತೋರಿಸಿಕೊಟ್ಟುದನ್ನೂ ಹೇಳಿದೆ. ಸಿಲಿಕಾನ್ ಫಲಕವೊಂದು ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಐದನೆಯ ಒಂದು ಭಾಗವನ್ನು ವಿದ್ಯುತ್ತಾಗಿಸಿದರೆ, ಎಲೆ ದಕ್ಕಿಸಿಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಆದರೆ ಆ ಒಂದೆರಡು ಪಾಲಿನಲ್ಲಿಯೇ ಮರವು ತನ್ನನ್ನು ತಾನೇ ಕಟ್ಟಿಕೊಂಡು, ಮುರಿದದ್ದನ್ನು ತಾನೇ ಚಿಗುರಿಸಿಕೊಂಡು, ನೆರಳನ್ನೂ ಬೀಜವನ್ನೂ ಕೊಡುತ್ತದೆ. ನಮ್ಮ ಶಾಲೆಯಲ್ಲಿ ಅಂಥದೊಂದು ಮರವಿತ್ತು, ಅದರ ಕೆಳಗೇ ನಾನು ಪಾಠ ಮಾಡುತ್ತಿದ್ದೆ ಎಂದೆ.

“ಈಗಲೂ ಇದೆಯಾ?” ಎಂದಳು.

“ಇದೆ” ಎಂದುಬಿಟ್ಟೆ.

ಏಕೆ ಹಾಗೆಂದೆನೋ ತಿಳಿಯದು. ಮರವಿಲ್ಲವೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ಕಡಿಯಲು ಒಪ್ಪಿಗೆ ಪತ್ರಕ್ಕೆ ಮುಖ್ಯೋಪಾಧ್ಯಾಯನಾಗಿ ಸಹಿ ಹಾಕಿದವನು ನಾನೇ. ಎರಡು ಹೊಸ ಕೊಠಡಿಗಳು ಮಂಜೂರಾಗಿದ್ದವು. ಮಳೆಗಾಲದಲ್ಲಿ ಮಕ್ಕಳು ವರಾಂಡದಲ್ಲಿ ಒದ್ದೆಯಾಗುತ್ತಿದ್ದುದು ಸುಳ್ಳಲ್ಲ. ಕೊಠಡಿ ಬೇಕಿತ್ತು. ಆದರೆ ತಳಪಾಯವನ್ನು ಹನ್ನೆರಡು ಅಡಿ ಪಕ್ಕಕ್ಕೆ ಸರಿಸಿದ್ದರೆ ಮರ ಉಳಿಯುತ್ತಿತ್ತೆಂದು ಕೆಲಸ ಮುಗಿದ ಮೇಲೆ ಮೇಸ್ತ್ರಿಯೇ ಹೇಳಿದ. “ನೀವು ಕೇಳ್ಲಿಲ್ಲವಲ್ಲ ಸ್ವಾಮಿ” ಎಂದ. ಹೌದು, ನಾನು ಕೇಳಲಿಲ್ಲ. ಅನುದಾನ ವಾಪಸು ಹೋದೀತೆಂಬ ಆತುರದಲ್ಲಿ ಆ ಒಂದು ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಏಳನೆಯ ತರಗತಿಯ ಮಕ್ಕಳು ಬಂದು ಕೇಳಿದಾಗ “ಮತ್ತೊಂದು ನೆಟ್ಟರಾಯಿತು, ಹೋಗಿ” ಎಂದು ಗದರಿದೆ. ನೆಡಲೂ ಇಲ್ಲ. ನಿಮ್ಮಲ್ಲಿ ಅನೇಕರು ಇಂದಿಗೂ ಸಿಕ್ಕಾಗ “ಆ ಮರ ಯಾರು ಕಡಿಸಿದ್ದು ಸಾರ್?” ಎಂದು ಕೇಳುತ್ತೀರಿ. ಇಷ್ಟು ವರ್ಷ ಮಾತು ತೇಲಿಸಿದ್ದೇನೆ. ಉತ್ತರ ಇದು.

ಸಿಂಗಪುರದವರು ಮಾಡಿದ್ದನ್ನು ನಾನು ಹಳಿಯಲಾರೆ. ಉಕ್ಕಿನ ಮರದ ಮೇಲೂ ಹಸುರನ್ನು ಹಬ್ಬಿಸಿ, ಬಿಸಿಲಿನಿಂದಲೇ ಅದನ್ನು ಬೆಳಗಿಸುವ ಜನ ಎಷ್ಟೊಂದು ಪ್ರಶ್ನೆಗಳನ್ನು ಕೇಳಿಕೊಂಡಿರಬೇಕು! ನಾನು ಒಂದನ್ನೂ ಕೇಳಿಕೊಂಡಿರಲಿಲ್ಲ.

ಊರಿಗೆ ಮರಳಿದ ಮೇಲೆ ಈಗಿನ ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದು ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ಎರಡು ಹೊಂಗೆಸಸಿ ನೆಟ್ಟೆ. ಒಂದನ್ನು ಮೇಕೆ ಮೇಯ್ದಿತು. ಇನ್ನೊಂದು ಈಗ ನನ್ನ ಎದೆಯ ಎತ್ತರಕ್ಕಿದೆ. ಅದರ ನೆರಳಿನಲ್ಲಿ ಕೂರುವ ಯೋಗ ನನಗಿಲ್ಲ. ಅದಕ್ಕೆ ಬೇಸರವೂ ಇಲ್ಲ.

ಮೊಮ್ಮಗಳು ಡಿಸೆಂಬರ್ ರಜೆಗೆ ಬರುತ್ತಿದ್ದಾಳೆ. ಮೊದಲು ಅವಳಿಗೆ ನಿಜ ಹೇಳಿ, ಆಮೇಲೆ ಸಸಿಯನ್ನು ತೋರಿಸಬೇಕೆಂದಿದ್ದೇನೆ. ನೀವು ಯಾರಾದರೂ ಬೇಸಗೆಯಲ್ಲಿ ಊರ ಕಡೆ ಬಂದರೆ ಅದಕ್ಕೊಂದು ಕೊಡ ನೀರು ಹಾಕಿ ಹೋಗಿ.

ನಿಮ್ಮ ಮೇಷ್ಟ್ರು