ತಾತನ ತೋಟ

"ನಿಮ್ ತಾತನ ತೋಟ ಕೊಟ್ಟಿಗೆ ಒಳಗ ಅದ, ನೋಡ್ಕಂಡು ಅಗೀರಿ" ಅಂತ ಅಜ್ಜಿ ಅಂದಾಗ ನಾವಿಬ್ರೂ ನಕ್ಕುಬಿಟ್ವಿ. ಕೊಟ್ಟಿಗೆ ಒಳಗೆ ತೋಟನಾ? ಇಂಗ್ಲಿಷ್ ಮೀಡಿಯಂ ಮಕ್ಕಳು, ತೋಟ ಅಂದ್ರೆ ತೆಂಗು, ಬಾಳೆ ಅಷ್ಟೇ ನಮಗೆ. ಬಂದೂಕಿಗೆ ಹಾಕೋದಕ್ಕೂ ತೋಟ ಅಂತಾರೆ ಅನ್ನೋದು ಗೊತ್ತಾಗಿದ್ದು ಅಪ್ಪ ಕೈಲಿದ್ದ ಗುದ್ದಲಿ ಕೆಳಗಿಟ್ಟು ಅಜ್ಜಿ ಮುಖಾನೇ ನೋಡ್ತಾ ನಿಂತಾಗ.

ನಾವು ಅಂದ್ರೆ ಅವಳಿಗಳು. ಒಬ್ರು ಮೆಕ್ಯಾನಿಕಲ್, ಇನ್ನೊಬ್ರು ಸಿವಿಲ್, ಇಬ್ಬರೂ ಇದೇ ಕಾಲೇಜು. ಮನೆ ಕೊಳ್ಳೇಗಾಲದಲ್ಲಿ, ಅಜ್ಜಿ ಊರು ಹನೂರು ದಾಟಿ ರಾಮಾಪುರದ ಕಡೆ. ದಸರಾ ರಜೆಯಲ್ಲಿ ಹಳೇ ಕೊಟ್ಟಿಗೆ ಕೆಡವಿ ಶೀಟ್ ಹಾಕಿಸೋ ಕೆಲಸ ಇತ್ತು. ದನ ಕಟ್ಟೋ ಜಾಗದಲ್ಲಿ, ಗಂಜಲ ಹರಿಯೋ ಕಾಲುವೆ ಪಕ್ಕ, ಎರಡು ಅಡಿ ಕೆಳಗೆ ಒಂದು ಮಡಕೆ ಸಿಕ್ತು. ಬಾಯಿಗೆ ಕಟ್ಟಿದ್ದ ಬಟ್ಟೆ ಮುಟ್ಟಿದ ತಕ್ಷಣ ಪುಡಿಯಾಯ್ತು. ಒಳಗೆ ಹಿತ್ತಾಳೆಯ ಹನ್ನೊಂದು ಖಾಲಿ ತೋಟ. ಹಿತ್ತಾಳೆ ಅಂತ ಹೇಳೋದಕ್ಕೂ ಧೈರ್ಯ ಬೇಕಿತ್ತು, ಅಷ್ಟು ಹಸಿರು ಕಿಲುಬು. ಅಪ್ಪ ಒಂದೊಂದನ್ನೂ ತಿರುಗಿಸಿ, ಕೇಪು ಹೊಡೆದಿರೋದು, ಒಳಗೆ ಮದ್ದಿಲ್ಲದಿರೋದು ನೋಡಿದ ಮೇಲೇ ನಮ್ಮ ಕೈಗೆ ಕೊಟ್ಟಿದ್ದು.

ತಾತನ ಹತ್ರ ಬೆಳೆ ಕಾಯೋಕೆ ಲೈಸೆನ್ಸ್ ಇದ್ದ ಹನ್ನೆರಡು ಬೋರ್ ಬಂದೂಕು ಇತ್ತಂತೆ. ಅವರಪ್ಪನ ಕಾಲದ್ದು. (ಕೊಳ್ಳೇಗಾಲ 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ಅಂದ್ರೆ ನಮ್ಮ ಮುತ್ತಾತ ಯಳಂದೂರಿಗೆ ಹೆಣ್ಣು ನೋಡೋಕೆ ಹೋಗಿದ್ರೂ ಬೇರೆ ರಾಜ್ಯಕ್ಕೆ ಹೋದಂಗೆ!) ರಟ್ಟಿನ ತೋಟ ಒಂದು ಸಲ ಹೊಡೆದ್ರೆ ಹೆಚ್ಚುಕಮ್ಮಿ ಮುಗೀತು. ಹಿತ್ತಾಳೇದು ಹಂಗಲ್ಲ. ಹಳೇ ಕೇಪು ತೆಗೆದು, ತೊಳೆದು, ಹೊಸ ಕೇಪು, ಮದ್ದು, ರಟ್ಟಿನ ಬಿಲ್ಲೆ, ಚರೆ ತುಂಬಿದ್ರೆ ಮತ್ತೆ ತಯಾರು. ಆ ಕಾಲದಲ್ಲಿ ತಾತ ಮತ್ತೆ ಚಿಕ್ಕತಾತ ಜಗಲಿ ಮೇಲೆ ಕೂತು ಈ ಕೆಲಸ ಮಾಡ್ತಿದ್ರಂತೆ. ಈಗ ಯಾರೂ ಟ್ರೈ ಮಾಡೋಕೆ ಹೋಗ್ಬೇಡಿ, 1959ರ ಆರ್ಮ್ಸ್ ಆಕ್ಟ್ ಇದೆ. ಎನ್‌ಸಿಸಿಯಲ್ಲಿರೋ ಫ್ರೆಂಡ್ಸ್‌ಗೆ ಗೊತ್ತು, ಫೈರಿಂಗ್ ಆದ್ಮೇಲೆ ಖಾಲಿ ಕೇಸ್ ಎಣಿಸಿ ಕೊಡೋವರೆಗೂ ಜಾಗ ಬಿಟ್ಟು ಕದಲಿಸಲ್ಲ.

ತೊಳೆಯೋಣ ಅಂತ ಕೂತ್ವಿ. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ, ವಾಲ್‌ನಟ್ ಚಿಪ್ಪಿನ ಪುಡಿಯೋ ಮೆಕ್ಕೆಜೋಳದ ದಿಂಡಿನ ಪುಡಿಯೋ ಹಾಕಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ಅಲ್ಲಾಡಿಸ್ತಾರೆ. ನಮಗಿದ್ದಿದ್ದು ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಒಳಗಡೆ ಉಜ್ಜೋಕೆ ಬೇವಿನ ಕಡ್ಡಿಗೆ ಸುತ್ತಿದ ಬಟ್ಟೆ. ದೇವರ ದೀಪ ಬೆಳಗೋ ಕೆಲಸವೇ ಇದು. ಹುಣಸೆಯ ಆಮ್ಲ ಕಿಲುಬನ್ನ ಕರಗಿಸುತ್ತೆ. ಒಂದನ್ನ ಮಾತ್ರ ಜಾಸ್ತಿ ಹೊಳೀಲಿ ಅಂತ ರಾತ್ರಿಯಿಡೀ ನೆನೆಹಾಕಿ ಕೆಡಿಸಿದ್ವಿ. ಬೆಳಗ್ಗೆ ನೋಡಿದ್ರೆ ಗುಲಾಬಿ ಬಣ್ಣ! ಸತು ಹೋಗಿ ಮೇಲೆ ತಾಮ್ರ ಉಳಿದಿತ್ತು. ಇಬ್ಬರಲ್ಲಿ ಯಾರು ನೆನೆಹಾಕಿದ್ದು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಹೊಳಪು ಬಂದ ಮೇಲೇ ಬಿರುಕು ಕಂಡಿದ್ದು. ಬಾಯಿಂದ ಕೆಳಕ್ಕೆ ನೇರವಾಗಿ, ಕೂದಲಿನಷ್ಟು ಸಣ್ಣ ಗೆರೆ. ಹನ್ನೊಂದರಲ್ಲಿ ಏಳಕ್ಕೆ. ಮೆಟೀರಿಯಲ್ ಸೈನ್ಸ್ ಕ್ಲಾಸಲ್ಲಿ ನಿದ್ದೆಗಣ್ಣಲ್ಲಿ ಕೇಳಿದ್ದ ಸೀಸನ್ ಕ್ರ್ಯಾಕಿಂಗ್ ಇದೇನಾ? ಬ್ರಿಟಿಷರ ಸೈನ್ಯ ಇಂಡಿಯಾದಲ್ಲಿ ತೋಟಗಳನ್ನ ಕುದುರೆ ಲಾಯಗಳ ಹತ್ರ ಇಡ್ತಿತ್ತು. ಮಳೆಗಾಲ ಬಂದ್ರೆ ಯಾರೂ ಮುಟ್ಟದೇನೇ ಹಿತ್ತಾಳೆ ತಾನಾಗೇ ಸೀಳ್ತಿತ್ತು. ಅದಕ್ಕೇ ಆ ಹೆಸರು. ಕಾರಣವನ್ನ 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಅನ್ನೋ ಮೂವರು ಬಿಡಿಸಿ ಬರೆದ್ರು. ತೋಟದ ಹಿತ್ತಾಳೆ ಅಂದ್ರೆ 70 ಪಾಲು ತಾಮ್ರ, 30 ಪಾಲು ಸತು. ಅದನ್ನ ತಣ್ಣಗಿದ್ದಾಗಲೇ ಎಳೆದು ಕೊಳವೆ ಮಾಡ್ತಾರೆ, ಆ ಎಳೆತ ಲೋಹದೊಳಗೇ ಉಳಿದುಬಿಡುತ್ತೆ. ಮೂತ್ರದಿಂದ ಬರೋ ಅಮೋನಿಯಾ, ಜೊತೆಗೆ ತೇವ ಸಿಕ್ಕಿದ್ರೆ ಸಾಕು, ಬಿರುಕು ಶುರು. ತಯಾರಿಸುವಾಗಲೇ ಹದವಾಗಿ ಕಾಯಿಸಿ ಆ ಎಳೆತ ಇಳಿಸಿದ್ರೆ ತಪ್ಪಿಸಬಹುದು. ಅಂಗಡೀಲಿ ಸಿಗೋ ಕೆಲವು ಹಿತ್ತಾಳೆ ಪಾಲಿಷ್‌ನಲ್ಲೂ ಅಮೋನಿಯಾ ಇರುತ್ತೆ, ತೋಟ ಮತ್ತೆ ತುಂಬೋರು ಅದರ ಸಹವಾಸಕ್ಕೇ ಹೋಗಲ್ಲ.

ಇದನ್ನೆಲ್ಲ ಅಜ್ಜಿಗೆ ಜೋರಾಗಿ ವಿವರಿಸಿದ್ವಿ. "ದನದ ಗಂಜಲದಿಂದ ಒಡೆದಿರೋದು ಅಜ್ಜಿ, ಯಾರು ಅಲ್ಲಿ ಹೂತಿದ್ದು?"

"ನಾನೇಯ" ಅಂದ್ರು.

1992. ಆ ವರ್ಷ ಮೇ ತಿಂಗಳಲ್ಲಿ ವೀರಪ್ಪನ್ ಗುಂಪು ರಾಮಾಪುರದ ಪೊಲೀಸ್ ಸ್ಟೇಷನ್ ಮೇಲೆ ದಾಳಿ ಮಾಡಿತ್ತು. ಆಗಸ್ಟಿನಲ್ಲಿ ಮೀಣ್ಯದ ಹತ್ರ ಎಸ್‌ಪಿ ಹರಿಕೃಷ್ಣ ಸತ್ರು. ತಾತನ ಬಂದೂಕು ಆಗಲೇ ಒಪ್ಪಿಸಿ ಆಗಿತ್ತು, ಉಳಿದಿದ್ದು ಖಾಲಿ ತೋಟದ ಪೆಟ್ಟಿಗೆ. ಕಾಡಿನೋರು ಬಂದ್ರೆ ಬಂದೂಕೆಲ್ಲಿ ಅಂತಾರೆ, ಊರಿನ ಕಡೆಯೋರು ಬಂದ್ರೆ ಇದನ್ನ ಯಾರಿಗೆ ತುಂಬಿಕೊಟ್ಟೆ ಅಂತಾರೆ. ತಾತ ಸಂತೆಗೆ ಹೋಗಿದ್ದ ದಿನ ಅಜ್ಜಿ ಒಬ್ರೇ ಗುಂಡಿ ತೋಡಿ, ಮುಚ್ಚಿ, ಮೇಲೆ ಹಸು ಕಟ್ಟಿದ್ರು. ಗೊತ್ತಿದ್ರೆ ತಾನೇ ಬಾಯಿ ಬಿಡಿಸೋದು ಅಂತ ತಾತಂಗೂ ಹೇಳಲಿಲ್ಲ.

ಪೆಟ್ಟಿಗೆ ಇರೋ ಜಾಗ ಗೊತ್ತಿದ್ದ ಇನ್ನೊಬ್ರು ಅಂದ್ರೆ ಚಿಕ್ಕತಾತ. ಅವನೇ ತಗೊಂಡು ಮಾರ್ಕೊಂಡ ಅಂತ ತಾತ ತೀರ್ಮಾನಿಸಿದ್ರು. ಮಾತಿಗೆ ಮಾತು ಬೆಳೆದು ಚಿಕ್ಕತಾತ ಪಾಲು ತಗೊಂಡು ಯಳಂದೂರಿಗೆ ಹೋದ್ರು. 2004ರಲ್ಲಿ ವೀರಪ್ಪನ್ ಸತ್ತ ಮೇಲಾದ್ರೂ ಹೇಳಬಹುದಿತ್ತಲ್ಲ ಅಜ್ಜಿ ಅಂತ ಕೇಳಿದ್ವಿ. "ಅಷ್ಟೊತ್ತಿಗೆ ಹನ್ನೆರಡು ವರ್ಸ ಆಗಿತ್ತು ಕನ ಕೂಸು. ಯಾವ ಬಾಯಲ್ಲಿ ಹೇಳ್ಲಿ?" ತಾತ ಹೋಗಿ ಆರು ವರ್ಷ. ಮಣ್ಣು ಮಾಡೋ ದಿನ ಚಿಕ್ಕತಾತ ಬಂದು, ಅಂಗಳದಲ್ಲೇ ನಿಂತಿದ್ದು, ನೀರೂ ಕುಡೀದೆ ವಾಪಸ್ ಹೋಗಿದ್ದು ನಮಗೂ ನೆನಪಿದೆ.

ಲ್ಯಾಬಿಗೆ ಸ್ಯಾಂಪಲ್ ಅಂತ ತರೋಣ ಅಂದ್ಕೊಂಡಿದ್ದ ಹನ್ನೊಂದನ್ನೂ ಟವೆಲ್ಲಲ್ಲಿ ಸುತ್ತಿಕೊಂಡು ಮಾರನೇ ದಿನ ಅಪ್ಪನ ಜೊತೆ ಯಳಂದೂರಿಗೆ ಹೋದ್ವಿ. ಅಜ್ಜಿ ಬರಲಿಲ್ಲ. ಮಂಡಿ ನೋವು ಅಂದ್ರು.

ಚಿಕ್ಕತಾತಂಗೆ ಕಣ್ಣು ಸರಿಯಾಗಿ ಕಾಣಲ್ಲ. ಟವೆಲ್ ಬಿಚ್ಚಿಟ್ವಿ. ಬೆರಳಲ್ಲಿ ಸವರಿ ನೋಡಿದ್ರು, ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೊಂದನ್ನೇ ಎತ್ತಿ ಜಗಲಿ ಕಲ್ಲಿಗೆ ಮೆಲ್ಲಗೆ ತಟ್ಟೋಕೆ ಶುರು ಮಾಡಿದ್ರು. ಚೆನ್ನಾಗಿರೋದು ಟಿಣ್ ಅನ್ನುತ್ತೆ, ಬಿರುಕು ಬಿಟ್ಟಿದ್ದು ಬರೀ ಟಪ್. ನಾವು ಒಂದು ಬೆಳಗ್ಗೆಯೆಲ್ಲ ಮೊಬೈಲ್ ಟಾರ್ಚ್ ಬಿಟ್ಟು ಹುಡುಕಿದ್ದ ಏಳನ್ನ ಅವರು ಎರಡು ನಿಮಿಷದಲ್ಲಿ ಎಡಗಡೆ ಸರಿಸಿದ್ರು. ಗುಲಾಬಿ ಬಣ್ಣದ್ದು ಬಲಗಡೆಗೆ ಬಂತು, ಸದ್ಯ.

"ಎಲ್ಲಿದ್ದೋ?"

"ಕೊಟ್ಟಿಗೇಲಿ, ಮಣ್ಣೊಳಗೆ" ಅಂದ್ವಿ.

ಯಾರು ಹೂತಿದ್ದು ಅಂತ ಕೇಳ್ತಾರೆ ಅಂತ ಕಾದ್ವಿ. ದಾರಿಯುದ್ದಕ್ಕೂ ಉತ್ತರ ರೆಡಿ ಮಾಡ್ಕೊಂಡಿದ್ವಿ. ಅವರು ಬಲಗಡೆ ಇದ್ದ ನಾಲ್ಕನ್ನ ಮತ್ತೆ ಟವೆಲ್ಲಲ್ಲಿ ಸುತ್ತಿ ಅಪ್ಪನ ಕೈಗಿಟ್ಟು, ಒಡೆದಿದ್ದ ಏಳನ್ನ ತಮ್ಮ ಕಡೆಗೆ ಎಳ್ಕೊಂಡ್ರು.

"ಅತ್ತಿಗೆ ಮಂಡಿ ನೋವು ಹೆಂಗದ ಈಗ?" ಅಂದ್ರು. ಮಂಡಿ ನೋವಿನ ವಿಷಯ ನಾವಿನ್ನೂ ಹೇಳೇ ಇರಲಿಲ್ಲ.