ನಾನು ತೋರಿಸಿದ ಧ್ರುವ

ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದ ಮೂವತ್ತು ವರ್ಷಗಳಲ್ಲಿ ನಾನು ಎಷ್ಟು ಮಕ್ಕಳಿಗೆ ಧ್ರುವನಕ್ಷತ್ರವನ್ನು ತೋರಿಸಿರಬಹುದೆಂಬುದಕ್ಕೆ ಲೆಕ್ಕವಿಲ್ಲ. ವೈಶಾಖ, ಜ್ಯೇಷ್ಠದ ರಾತ್ರಿಗಳಲ್ಲಿ ಪ್ರಸಾದವಾದ ಬಳಿಕ ಮಕ್ಕಳು ಮಾಳಿಗೆಯ ಮೇಲೆ ಚಾಪೆ ಹಾಸಿಕೊಳ್ಳುತ್ತಿದ್ದರು. ಧ್ರುವನ ಕಥೆ ಹೇಳಿ, ಉತ್ತರದಲ್ಲಿ ತೆಂಗಿನ ಮರಗಳ ಮೇಲ್ಗಡೆ ಹೊಳೆಯುತ್ತಿದ್ದ ನಕ್ಷತ್ರವೊಂದರತ್ತ ಬೆರಳು ಚಾಚಿ, "ಎಲ್ಲವೂ ತಿರುಗುತ್ತವೆ, ಅದೊಂದು ಅಲುಗದು" ಎನ್ನುತ್ತಿದ್ದೆ. ನನಗೆ ಅದನ್ನು ತೋರಿಸಿಕೊಟ್ಟವರು ನನ್ನ ಗುರುಗಳು. ಅವರು ತೋರಿಸಿದ್ದನ್ನೇ ನಾನು ತೋರಿಸಿದೆನೋ, ನಡುವೆ ನಾನೇ ತಪ್ಪಿದೆನೋ, ಕೇಳೋಣವೆಂದರೆ ಈಗ ಅವರಿಲ್ಲ.

ನಿವೃತ್ತನಾದ ಮೇಲೆ ತಮ್ಮನ ಮಗನು ತನ್ನ ಹಳೆಯ ಕ್ಯಾಮೆರಾವನ್ನು ನನ್ನ ಬಳಿ ಬಿಟ್ಟುಹೋದನು. ಅದರಿಂದ ತಾನು ತೆಗೆದ ಚಿತ್ರವೊಂದನ್ನೂ ತೋರಿಸಿದ್ದನು. ನಕ್ಷತ್ರಗಳೆಲ್ಲ ಚುಕ್ಕೆಗಳಾಗಿರದೆ, ಗಾಣದ ಸುತ್ತ ಎತ್ತು ನಡೆದ ಜಾಡಿನಂತೆ, ಒಂದು ಬಿಂದುವಿನ ಸುತ್ತ ಗೆರೆಗಳಾಗಿದ್ದವು. ಆ ಗೆರೆಗಳು ನಕ್ಷತ್ರಗಳ ಓಟದಿಂದಾದವಲ್ಲ. ಗಂಟೆಗೆ 15 ಅಂಶದಂತೆ ತಿರುಗುವ ಭೂಮಿ ಬರೆದವು. ಇದನ್ನು ಓದಿ ತಿಳಿದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಅರವತ್ತು ದಾಟಿದವನಿಗೆ ಹಟವೊಂದು ಹಿಡಿಯಿತು.

ಜಾಗವನ್ನು ಹುಡುಕುವುದೇ ಮೊದಲ ಪಾಠವಾಯಿತು. ತರೀಕೆರೆಯ ಕಡೆ ಅಡಿಕೆ ತೋಟಗಳು ದಟ್ಟವಾಗಿರುವುದರಿಂದ ಉತ್ತರದ ದಿಗಂತ ಕಾಣಸಿಗದು. ಕಡೂರಿನದು ಬಯಲು ನಾಡೇನೋ ಹೌದು, ಆದರೆ ಹೆದ್ದಾರಿಯ ದೀಪಗಳು ರಾತ್ರಿಯನ್ನು ರಾತ್ರಿಯಾಗಿರಲು ಬಿಡವು. ಕಡೆಗೆ, ಹಿಂದೆ ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಆಚೆ, ಬಂಧುಗಳೊಬ್ಬರ ಈರುಳ್ಳಿ ಹೊಲದ ಬದುವು ಒದಗಿತು. ಅಲ್ಲಿ ಉತ್ತರಾಭಿಮುಖವಾಗಿ ನಿಂತರೆ ಬೀರೂರು, ಕಡೂರುಗಳ ಬೆಳಕು ಬೆನ್ನಿಗೆ ಬೀಳುತ್ತದೆ. ಕರಿಮಣ್ಣಿನ ಹೊಲದಲ್ಲಿ ಮೂರು ಕಾಲಿನ ಆಸರೆ ಅಲುಗದಂತೆ ಅದರ ಕಾಲುಗಳಿಗೆ ಕಲ್ಲು ಒತ್ತಿಡಬೇಕಾಯಿತು.

2022ರ ಡಿಸೆಂಬರಿನ ಅಮಾವಾಸ್ಯೆಯಂದು ಮೊದಲ ಪ್ರಯತ್ನ. ಒಂದೊಂದು ಚಿತ್ರಕ್ಕೂ 30 ಸೆಕೆಂಡು ಕಣ್ಣು ತೆರೆದಿರುವಂತೆ, ಒಂದರ ಹಿಂದೊಂದರಂತೆ ತಾನೇ ತೆಗೆಯುತ್ತ ಹೋಗುವಂತೆ ಕ್ಯಾಮೆರಾವನ್ನು ಅಣಿಗೊಳಿಸಿ, ಕಂಬಳಿ ಹೊದ್ದು ಕುಳಿತೆ. ಮನೆಗೆ ಬಂದು ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಿದರೆ, ಗೆರೆಗಳು ಅಖಂಡವಾಗಿರದೆ ಹೊಲಿಗೆಯ ದಾರದಂತೆ ತುಂಡುತುಂಡಾಗಿದ್ದವು. ಕ್ಯಾಮೆರಾದೊಳಗೆ 'ನಾಯ್ಸ್ ರಿಡಕ್ಷನ್' ಎಂಬ ಏರ್ಪಾಡೊಂದಿದೆ. ಅದು ಪ್ರತಿ ಚಿತ್ರವಾದ ಮೇಲೆ ಅಷ್ಟೇ ಹೊತ್ತು ಕಣ್ಣು ಮುಚ್ಚಿಕೊಂಡು ಕತ್ತಲೆಯ ಚಿತ್ರವೊಂದನ್ನು ತೆಗೆದು, ಮೊದಲಿನದರ ಕಲೆಗಳನ್ನು ಕಳೆಯುತ್ತದೆ. ಅದನ್ನು ನಿಲ್ಲಿಸಬೇಕೆಂಬುದು ನನಗೆ ತಿಳಿಯದು. ಮೂರು ತಾಸಿನಲ್ಲಿ ಒಂದೂವರೆ ತಾಸು ಅದು ನಿದ್ರಿಸಿತ್ತು, ನಾನೇ ಎಚ್ಚರವಾಗಿದ್ದೆ! ಜನವರಿಯಲ್ಲಿ ಮಸೂರದ ಮೇಲೆ ಇಬ್ಬನಿ ಕುಳಿತು ಎಲ್ಲವೂ ಮಸುಕಾಯಿತು. ಮನೆಯಲ್ಲಿ ನಗೆಪಾಟಲಾದುದನ್ನು ಬರೆಯಲಾರೆ.

2023ರ ಮಾರ್ಚ್ 21, ಯುಗಾದಿಯ ಹಿಂದಿನ ಅಮಾವಾಸ್ಯೆ. ಒಂಬತ್ತರಿಂದ ಹನ್ನೆರಡರವರೆಗೆ ಸುಮಾರು 360 ಚಿತ್ರಗಳು ದೊರೆತವು. ಅವನ್ನು ಕೂಡಿಸುವ ತಂತ್ರ ಸರಳವಾದುದು. ಪ್ರತಿಯೊಂದು ಬಿಂದುವಿನಲ್ಲಿಯೂ ಎಲ್ಲ ಚಿತ್ರಗಳ ಪೈಕಿ ಯಾವುದು ಹೆಚ್ಚು ಬೆಳಗಿದೆಯೋ ಅದನ್ನಷ್ಟೇ ಗಣಕಯಂತ್ರ ಉಳಿಸಿಕೊಳ್ಳುತ್ತದೆ. ಕತ್ತಲೆ ಕತ್ತಲೆಯಾಗಿಯೇ ಉಳಿದು, ನಕ್ಷತ್ರದ ಚುಕ್ಕೆಗಳು ಬೆಸೆದು ಗೆರೆಯಾಗುತ್ತವೆ. ಪರದೆಯ ಮೇಲೆ ಆ ಗೆರೆಗಳು ಬೆಳೆಯುತ್ತ ಬಂದುದನ್ನು ನೋಡಿ, ಯುಗಾದಿಯ ಬೆಳಗಿನಲ್ಲಿ ಬೇವುಬೆಲ್ಲವನ್ನೂ ಮರೆತು ಕುಳಿತಿದ್ದೆ.

ಬಳಿಕ ನಾನು ತೋರಿಸುತ್ತಿದ್ದ ಧ್ರುವನನ್ನು ಆ ಚಿತ್ರದಲ್ಲಿ ಹುಡುಕಿದೆ. ಗೆರೆಗಳ ನಡುವಿನ ಬಿಂದು ನಾನೆಣಿಸಿದ್ದಕ್ಕಿಂತ ಬಹಳ ತಗ್ಗಿನಲ್ಲಿತ್ತು. ಯಾವ ಊರಿನ ಅಕ್ಷಾಂಶ ಎಷ್ಟೋ ಆ ಊರಿನಲ್ಲಿ ಧ್ರುವನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಸೀಮೆಯ ಅಕ್ಷಾಂಶ ಹದಿಮೂರುವರೆ ಅಂಶದ ಆಸುಪಾಸು. ಎಂದರೆ ಚಾಚಿದ ಕೈಯ ಮುಷ್ಟಿಯನ್ನು ದಿಗಂತದ ಮೇಲಿರಿಸಿದರೆ ಅದಕ್ಕಿಂತ ತುಸು ಮೇಲೆ ಮಾತ್ರ. ಪಾಠಶಾಲೆಯ ಮಾಳಿಗೆಯಿಂದ ಆ ಭಾಗವನ್ನು ತೆಂಗಿನ ಗರಿಗಳು ಮುಚ್ಚಿದ್ದವು. ಗರಿಗಳ ಮೇಲೆ ಕಾಣುತ್ತಿದ್ದುದು ಕೋಚಾಬ್ ಎಂಬ, ಅದೇ ಲಘು ಸಪ್ತರ್ಷಿ ಮಂಡಲದ, ಹೆಚ್ಚುಕಡಿಮೆ ಅಷ್ಟೇ ಪ್ರಕಾಶವುಳ್ಳ ನಕ್ಷತ್ರ. ಚಿತ್ರದಲ್ಲಿ ಅದು ಧ್ರುವನ ಬಲಮಗ್ಗುಲಿನಿಂದ ಹೊರಟು, ಮೂರು ತಾಸಿನಲ್ಲಿ ವೃತ್ತದ ಎಂಟನೆಯ ಒಂದು ಭಾಗವನ್ನು ಬರೆದು ಮೇಲೇರಿತ್ತು. ಅಲುಗದೆಂದು ನಾನು ತೋರಿಸಿದ್ದು ಇದನ್ನು. ಮಳೆಗಾಲದ ಮೋಡ, ಚಳಿಗಾಲದ ಸಂಜೆಗಳಲ್ಲಿ ಅದು ದಿಗಂತದ ಕೆಳಗೋ ಗರಿಗಳ ಮರೆಗೋ ಸರಿಯುತ್ತಿದ್ದುದು, ಇವೆರಡೂ ನನ್ನ ತಪ್ಪನ್ನು ಕಾಪಾಡಿದ್ದವು. ಒಂದೇ ರಾತ್ರಿ ಎರಡು ಬಾರಿ ನೋಡಿದ್ದರೂ ಸಾಕಿತ್ತು; ನಾನು ಒಮ್ಮೆ ತೋರಿಸಿ ಮಲಗಿಬಿಡುತ್ತಿದ್ದೆ.

ಇನ್ನೊಂದು ವಿಷಯ. ನಿಜವಾದ ಧ್ರುವನೂ ಆ ಚಿತ್ರದಲ್ಲಿ ಬಿಂದುವಾಗಿಲ್ಲ; ಉಗುರಿನ ಗೀರಿನಂತೆ ಕಿರಿದಾದ ಬಾಗು ಅದಕ್ಕೂ ಇದೆ. ಧ್ರುವಬಿಂದುವಿನಿಂದ ಅದು ಹುಣ್ಣಿಮೆಯ ಚಂದ್ರಬಿಂಬದ ಅಗಲಕ್ಕಿಂತ ತುಸು ಹೆಚ್ಚು ದೂರದಲ್ಲಿದೆ. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಸುತ್ತಿ ಬರುವುದರಿಂದ ಆ ಪದವಿಯೂ ಕೈ ಬದಲಾಗುತ್ತದೆ. ಐದು ಸಾವಿರ ವರ್ಷಗಳ ಹಿಂದೆ ಥುಬನ್ ಎಂಬ ನಕ್ಷತ್ರ ಅಲ್ಲಿತ್ತು.

ಚಿತ್ರವನ್ನು ತಿದ್ದುವಾಗ ತಮ್ಮನ ಮಗನು ಬಂದಿದ್ದನು. ಅಡ್ಡ ಹಾಯ್ದ ಎರಡು ವಿಮಾನಗಳ ಗೆರೆಗಳನ್ನು ಅಳಿಸುವ ಬಗೆಯನ್ನು ಕಲಿಸಿದನು. ಗೆರೆ ಬಿದ್ದ ಬಿಡಿ ಚಿತ್ರದಲ್ಲಿ ಅದರ ಮೇಲಷ್ಟೇ ಕಪ್ಪು ಬಳಿದು ಮತ್ತೆ ಕೂಡಿಸಿದರಾಯಿತು. ಒಂದನ್ನು ಅಳಿಸಿದೆ, ಇನ್ನೊಂದನ್ನು ಆ ರಾತ್ರಿಯ ಸಾಕ್ಷಿಗೆಂದು ಬಿಟ್ಟೆ. "ಧ್ರುವನ ಬಾಗನ್ನೂ ಚುಕ್ಕೆ ಮಾಡಿಬಿಡಲೇ ದೊಡ್ಡಪ್ಪ, ಅಂದವಾಗಿ ಕಾಣುತ್ತದೆ" ಎಂದನು. ಬೇಡವೆಂದೆ.

ವಿಳಾಸ ತಿಳಿದಿದ್ದ ಹನ್ನೊಂದು ಜನ ಹಳೆಯ ವಿದ್ಯಾರ್ಥಿಗಳಿಗೆ ಚಿತ್ರದ ಪ್ರತಿಯೊಡನೆ ಪತ್ರ ಬರೆದೆ. ನಾಲ್ವರು ಉತ್ತರಿಸಿದರು, ಮೂವರಿಗೆ ಆ ಮಾಳಿಗೆ ನೆನಪಿತ್ತು, ನಕ್ಷತ್ರ ನೆನಪಿರಲಿಲ್ಲ. ನಾಲ್ಕನೆಯವರು ಕಡೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಉಪಾಧ್ಯಾಯರು. "ಗುರುಗಳೇ, ಹದಿನೆಂಟು ವರ್ಷದಿಂದ ನಾನೂ ಮಕ್ಕಳಿಗೆ ಅದನ್ನೇ ತೋರಿಸುತ್ತ ಬಂದಿದ್ದೇನೆ" ಎಂದು ಬರೆದಿದ್ದರು. ಆ ಕಾಗದವನ್ನು ಎರಡು ದಿನ ಜೇಬಿನಲ್ಲಿಯೇ ಇಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಕಡೂರಿನ ಬಸ್ಸು ಹತ್ತಿದೆ. ಆ ಶಾಲೆಯ ಹಿಂದೆ ಉತ್ತರಕ್ಕೆ ಮರಗಳಿಲ್ಲ.